ಬುರುಡೆ ಮೇಷ್ಟ್ರು ಓದಿದ ಚೀಟಿ

ಆ ಗೋಡೌನಿನಲ್ಲಿ ಕಂಡದ್ದಕ್ಕೆಲ್ಲ ಚೀಟಿ ಅಂಟಿಸಿದ್ದರು. ನೀರಿನ ಫಿಲ್ಟರಿನ ಮೇಲೆ ‘ಕುಡಿಯುವ ನೀರು’. ಮೆಟ್ಟಿಲಿನ ಪಕ್ಕದ ಗೋಡೆಗೆ ‘ಮೆಟ್ಟಿಲು ಇದೆ’. ಕಚೇರಿಯ ಕರೆಂಟ್ ಕೆಟಲಿನ ಹೊಟ್ಟೆಗೆ ‘ಬಿಸಿ ಇರುತ್ತದೆ, ಎಚ್ಚರಿಕೆ’. ಕೆಟಲು ಬಿಸಿ ಇರುತ್ತದೆ ಎಂದು ಕಂಡುಹಿಡಿಯಲು ಅಲ್ಲಿ ಒಬ್ಬರನ್ನು ಸಂಬಳ ಕೊಟ್ಟು ಸಾಕಿದ್ದರು. ಅವರು ಸೇಫ್ಟಿ ಸಾಹೇಬರು. ತಲೆಯ ಮೇಲೆ ಫ್ಯಾನಿನ ಗಾಳಿ ಬಿಟ್ಟು ಬೇರೇನೂ ಬೀಳದ ಕಚೇರಿಯೊಳಗೂ ಅವರು ಹಳದಿ ಹೆಲ್ಮೆಟ್ಟು ತೆಗೆಯುತ್ತಿರಲಿಲ್ಲ.

ಅಷ್ಟು ಚೀಟಿಗಳ ನಡುವೆ ಒಬ್ಬ ಮನುಷ್ಯ ಸತ್ತ. ಚೀಟಿ ಓದದೆ ಸತ್ತ ಎಂದು ಕಾಗದದಲ್ಲಿ ಬರೆದರು. ಆ ಸಾಲಿನ ಕೆಳಗೆ ಅವನ ಹೆಂಡತಿ ಸಹಿ ಹಾಕಬೇಕಾಗಿತ್ತು.

ಅವಳೂ ಅಲ್ಲೇ ಕೆಲಸಕ್ಕಿದ್ದವಳು. ಲೇಬಲಕ್ಕ ಎಂದು ಕರೆಯುತ್ತಿದ್ದರು. ಲೇಬಲ್ ಅಂಟಿಸುವವಳಲ್ಲ, ಕೀಳುವವಳು. ದೊಡ್ಡ ಡ್ರಮ್ಮುಗಳಲ್ಲಿ ಬಂದ ಔಷಧವನ್ನು ಸಣ್ಣ ಪ್ಲಾಸ್ಟಿಕ್ ಡಬ್ಬಿಗಳಿಗೆ ತುಂಬಿ ಅಂಗಡಿಗಳಿಗೆ ಕಳಿಸುವುದು ಆ ಗೋಡೌನಿನ ವ್ಯಾಪಾರ. ಔಷಧ ಎಂದರೆ ಕಾಯಿಲೆಯದಲ್ಲ; ಆಸಿಡ್ಡು, ತಿನ್ನರ್ರು, ಪಾಯಿಖಾನೆ ತೊಳೆಯುವ ನೀರು, ತುಕ್ಕು ತೆಗೆಯುವ ನೀರು, ಎಲ್ಲಕ್ಕೂ ಅಲ್ಲಿ ಔಷಧ ಎಂದೇ ಹೆಸರು. ಖಾಲಿ ಡಬ್ಬಿಗಳು ವಾಪಸು ಬರುತ್ತಿದ್ದವು. ಹಳೇ ಚೀಟಿ ಕಿತ್ತು ತೊಳೆದು ಕೊಟ್ಟರೆ ಮತ್ತೆ ತುಂಬುವರು.

ಹಿತ್ತಲಿನ ತಗಡಿನ ಶೆಡ್ಡು ಅವಳದು. ಒಂದು ಹಂಡೆ ಬಿಸಿನೀರು, ಒಂದು ತುಂಡು ಬಟ್ಟೆ, ಬಲಗೈ ಹೆಬ್ಬೆರಳಿನ ಉಗುರು. ಬಟ್ಟೆ ಅದ್ದಿ ಚೀಟಿಯ ಮೇಲೆ ಹೊದಿಸಬೇಕು. ನೂರು ಎಣಿಸಬೇಕು. ಆಮೇಲೆ ಮೂಲೆಯನ್ನು ಉಗುರಿನಿಂದ ಎಬ್ಬಿಸಿ, ಮಗುವಿನ ಕಾಲುಚೀಲ ತೆಗೆಯುವ ಹಾಗೆ ಮೆಲ್ಲಗೆ ಸುತ್ತಿಕೊಂಡು ಬರಬೇಕು. ಅವಸರ ಮಾಡಿದರೆ ಹರಿಯುತ್ತದೆ, ಅರ್ಧ ಡಬ್ಬಿಯಲ್ಲೇ ಉಳಿಯುತ್ತದೆ. ಹಳೆಯದು ಪೂರ್ತಿ ಹೋಗದೆ ಹೊಸದು ಅಂಟಿಸುವ ಹಾಗಿಲ್ಲ. ಹನ್ನೊಂದು ವರ್ಷ ಅದನ್ನೇ ಮಾಡಿ ಅವಳ ಉಗುರು ಚಪ್ಪಟೆ ಚಮಚದಂತಾಗಿತ್ತು.

ಗಂಡ ತುಂಬುವವನು. ಅವನಿಗಿದ್ದ ಹೆಸರು ಬುರುಡೆ ಮೇಷ್ಟ್ರು.

ಮೇಷ್ಟ್ರು ಎಂದರೆ ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವನು. ವರ್ಷಕ್ಕೊಂದು ಮಧ್ಯಾಹ್ನ ಸೇಫ್ಟಿ ಸಾಹೇಬರು ಎಲ್ಲರನ್ನೂ ಕೂರಿಸಿ ಕಾಗದ ನೋಡಿಕೊಂಡು ಒಂದು ಗಂಟೆ ಓದುತ್ತಿದ್ದರು. ಎಲ್ಲರೂ ಹಾಜರಿ ಹಾಕಿ, ಬಿಸ್ಕತ್ತು ತಿಂದು, ಕಣ್ಣು ಬಿಟ್ಟುಕೊಂಡೇ ನಿದ್ದೆ ಮಾಡುತ್ತಿದ್ದರು. ಸಾಹೇಬರಿಗೂ ಅದೇ ಬೇಕಿತ್ತು. ಒಂದು ವರ್ಷ ಇವನು ಎದ್ದು ನಿಂತು, “ಸಾಹೇಬ್ರೇ, ಆ ಚಿತ್ರದ ಹಾಳೆ ನನಗೆ ಕೊಡ್ತೀರಾ?” ಎಂದ.

“ನಿನಗ್ಯಾಕಯ್ಯ?”

“ಓದ್ಕೊಳ್ಳೋಕೆ.”

ಸಾಹೇಬರು ನಕ್ಕರು. ಓದಿಕೊಳ್ಳಲಿ ಎಂದು ಹಂಚುವ ಹಾಳೆಯನ್ನು ಒಬ್ಬ ಓದಿಕೊಳ್ಳುತ್ತೇನೆ ಎಂದದ್ದು ಅವರಿಗೆ ತಮಾಷೆಯಾಗಿ ಕಂಡಿತು.

ಹಾಳೆಯಲ್ಲಿ ಒಂಬತ್ತು ಚಿತ್ರ. ಮೂಲೆಯ ಮೇಲೆ ನಿಲ್ಲಿಸಿದ ಚೌಕ, ಕೆಂಪು ಅಂಚು, ಒಳಗೆ ಕಪ್ಪು ಚಿತ್ರ. ಬೆಂಕಿ, ಸಿಡಿಯುವ ಬಾಂಬು, ಸತ್ತ ಮೀನು, ಹೀಗೆ. ಅದನ್ನು ಮನೆಯ ಬೀರುವಿನ ಬಾಗಿಲ ಒಳಬದಿಗೆ ಅಂಟಿಸಿದ. ಬಟ್ಟೆ ತೆಗೆಯಲು ಬಾಗಿಲು ತೆರೆದರೆ ಮೊದಲು ತಲೆಬುರುಡೆ ಕಾಣಬೇಕು. ಒಂದೊಂದೇ ಅಕ್ಷರ ಕೂಡಿಸಿ ಓದಿ ಹೆಂಡತಿಗೂ ಹೇಳಿಕೊಟ್ಟ. ಇದ್ದಿಲಿನಿಂದ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬರೆದು ತೋರಿಸಿದ.

“ನೋಡು ಇವಳೇ, ಬುರುಡೆ ಅಂದ್ರೆ ಮೈಗೆ ಸೇರಿದ್ರೆ ಪ್ರಾಣ ಹೋಗುತ್ತೆ. ಇದು ಕೈ ತಿನ್ನೋದು. ಕೈ ಮೇಲೆ ಹನಿ ಬೀಳ್ತಿದೆ ನೋಡು, ಚರ್ಮ ಸುಟ್ಟುಹೋಗುತ್ತೆ. ಇದು ಕೋಲು-ಚುಕ್ಕಿ, ನಿಂತ ಕೋಲು, ಕೆಳಗೊಂದು ಚುಕ್ಕಿ. ಇದು ಸಣ್ಣದು. ತುರಿಕೆ, ಉರಿ, ಅಷ್ಟೇ. ನೀರಲ್ಲಿ ತೊಳ್ಕೊಂಡ್ರೆ ಆಯ್ತು.”

“ಮತ್ತೆ ಕೆಳಗೆ ದಪ್ಪಕ್ಕೆ ಬರೆದಿದ್ದಾರಲ್ಲ?”

“ಅದರಲ್ಲಿ ಎರಡೇ ಮಾತು. ‘ಎಚ್ಚರಿಕೆ’ ಅಂತಿದ್ರೆ ಅದು ಬೈಗುಳ. ‘ಅಪಾಯ’ ಅಂತಿದ್ರೆ ಏಟು.”

“ಬುರುಡೆನೂ ಕೋಲು-ಚುಕ್ಕಿನೂ ಎರಡೂ ಹಾಕ್ಬಿಟ್ರೆ?”

“ಪ್ರಾಣ ಹೋಗುತ್ತೆ ಅಂತ ಬುರುಡೆ ಹೇಳಿದ ಮೇಲೆ ಇದಕ್ಕೇನು ಕೆಲಸ? ಬುರುಡೆ ಬಂದ್ರೆ ಕೋಲು-ಚುಕ್ಕಿ ಎದ್ದು ಹೋಗ್ಬೇಕು. ಯಜಮಾನ ಕೂತಿರುವಾಗ ಜವಾನ ಪಕ್ಕದಲ್ಲಿ ಕೂರ್ತಾನಾ? ಹಂಗೆ.”

ಅವನ ಕಾಟಕ್ಕೆ ಮನೆಯೂ ಗೋಡೌನಾಯಿತು. ಬ್ಲೀಚಿನ ನೀರನ್ನು ಅವಳು ಜ್ಯೂಸಿನ ಬಾಟಲಿಯಲ್ಲಿ ಇಟ್ಟಿದ್ದಕ್ಕೆ ಎರಡು ದಿನ ಮಾತು ಬಿಟ್ಟ. ಸೀಮೆಎಣ್ಣೆ ಕ್ಯಾನಿಗೆ ಬೆಂಕಿಯ ಚಿತ್ರ ಬರೆದ.

“ನನ್ನ ಹಣೆಗೂ ಒಂದು ಚೀಟಿ ಅಂಟಿಸ್ಬಿಡಿ,” ಎಂದಳು ಒಮ್ಮೆ.

“ಯಾವುದು ಹಾಕ್ಲಿ?”

“ಕೋಲು-ಚುಕ್ಕಿ ಸಾಕು.”

“ಅದು ಬರೀ ತುರಿಕೆ ಕಣೇ. ನೀನು ಬಾಂಬಿನ ದರ್ಜೆ.”

ಗೋಡೌನಿನಲ್ಲೂ ಬಿಡಲಿಲ್ಲ. ತಿನ್ನರ್ರಿನ ಪಕ್ಕ ಬೀಡಿ ಹಚ್ಚುವ ಲಾರಿ ಡ್ರೈವರನಿಗೆ ಪಾಠ. ಬರಿಗೈಯಲ್ಲಿ ಆಸಿಡ್ ಡಬ್ಬಿ ಎತ್ತುವವರಿಗೆ ಪಾಠ. “ಬಂದ್ರು ನೋಡಪ್ಪ ಬುರುಡೆ ಮೇಷ್ಟ್ರು,” ಎಂದು ನಗುತ್ತಿದ್ದರು. ನಗುತ್ತಲೇ ಬೀಡಿ ಆರಿಸುತ್ತಿದ್ದರು, ಗ್ಲೌಸು ಹಾಕಿಕೊಳ್ಳುತ್ತಿದ್ದರು. ಚೀಟಿ ಇಲ್ಲದ ಡಬ್ಬಿಗೆ ಅವನು ಒಂದು ತೊಟ್ಟೂ ಹಾಕುತ್ತಿರಲಿಲ್ಲ. ಮೊದಲು ಚೀಟಿ, ಆಮೇಲೆ ಔಷಧ. ಚೀಟಿಯ ಕೆಳಮೂಲೆಯಲ್ಲಿ ಪೆನ್ನಿನಿಂದ ತನ್ನ ಗುರುತು ಹಾಕುತ್ತಿದ್ದ: ಒಂದು ಸೊನ್ನೆ, ಅದರೊಳಗೊಂದು ಚುಕ್ಕಿ. ತುಂಬುವ ಪ್ರತಿಯೊಬ್ಬರೂ ಗುರುತು ಹಾಕಬೇಕೆಂಬ ನಿಯಮ ಇತ್ತು. ಪಾಲಿಸಿದವನು ಅವನೊಬ್ಬ.

ಅವನ ದೋಷವೂ ಅಲ್ಲೇ ಇತ್ತು. ಅಚ್ಚಾದದ್ದನ್ನು ನಂಬುತ್ತಿದ್ದ. ಅಕ್ಷರ ಕಷ್ಟಪಟ್ಟು ಕಲಿತವನಿಗೆ ಅಕ್ಷರ ಸುಳ್ಳು ಹೇಳುತ್ತದೆ ಎಂದು ತೋಚುವುದಿಲ್ಲ. ಆ ಬುದ್ಧಿ ಬರಲು ಕಾಲೇಜು ಓದಿರಬೇಕು.

ಕಾಲೇಜು ಓದಿದವರು ಒಂದು ಹೊಸ ಸರಕು ತಂದರು. ತುಕ್ಕು ತೆಗೆಯುವ ನೀರು, ಹೊಸ ನಮೂನೆಯದು. ಅದರ ಮೂಲ ಔಷಧ ಹೈಡ್ರೋಫ್ಲೋರಿಕ್ ಎಂಬ ಆಸಿಡ್ಡು. ಡ್ರಮ್ಮಿನ ಮೇಲೆ ಬುರುಡೆಯೂ ಇತ್ತು, ಕೈ ತಿನ್ನುವುದೂ ಇತ್ತು. ಆ ಡ್ರಮ್ಮು ತುಂಬುವವರ ಕಣ್ಣಿಗೆ ಬೀಳಲೇ ಇಲ್ಲ. ಹಿಂದಿನ ಕಟ್ಟಡದಲ್ಲಿ ಇಳಿಸಿ, ಅಲ್ಲೇ ನೀರು ಬೆರೆಸಿ, ಪೈಪಿನಲ್ಲಿ ಈಚೆಗೆ ಬಿಟ್ಟರು. ಪೈಪಿನ ತುದಿಯಲ್ಲಿ ಬುರುಡೆ ಮೇಷ್ಟ್ರು ನಿಂತಿದ್ದ. ಕೈಗೆ ಒಂದು ಸುರುಳಿ ಚೀಟಿ ಕೊಟ್ಟಿದ್ದರು. ಚೀಟಿಯಲ್ಲಿ ಕೋಲು-ಚುಕ್ಕಿ. ಕೆಳಗೆ ‘ಎಚ್ಚರಿಕೆ’.

ಬೆಳಿಗ್ಗೆ ಹತ್ತು ಗಂಟೆಗೆ ಪೈಪು ಜಾರಿತು. ಎರಡೂ ತೊಡೆ ಒದ್ದೆಯಾಯಿತು. ಉರಿಯಲಿಲ್ಲ. ಆ ಆಸಿಡ್ಡು ಕಳ್ಳನಂತೆ, ಬಂದದ್ದು ಗೊತ್ತಾಗುವುದಿಲ್ಲ. ಅವನು ಏನು ಮಾಡಿದ? ಚೀಟಿ ಓದಿದ. ‘ಹದಿನೈದು ನಿಮಿಷ ನೀರಿನಿಂದ ತೊಳೆಯಿರಿ. ತುರಿಕೆ ನಿಲ್ಲದಿದ್ದರೆ ವೈದ್ಯರನ್ನು ಕಾಣಿರಿ.’ ಗಡಿಯಾರ ನೋಡಿಕೊಂಡು ಹದಿನೈದು ನಿಮಿಷ ತೊಳೆದ. ಬೇರೆ ಪ್ಯಾಂಟು ಹಾಕಿಕೊಂಡ. ಮತ್ತೆ ಪೈಪು ಹಿಡಿದ.

ಶೆಡ್ಡಿನಿಂದ ಅವಳು ಕೇಳಿದ್ದಳು, “ಏನಾಯ್ತ್ರೀ?”

“ಏನಿಲ್ಲ. ಕೋಲು-ಚುಕ್ಕಿ.”

ಸಂಜೆಗೆ ತೊಡೆ ಸುಣ್ಣದಂತೆ ಬಿಳಿಯಾಯಿತು. ನೋವು ಮೂಳೆಯೊಳಗೆ ಇಳಿಯಿತು. ಮನೆ ಹತ್ತಿರದ ಡಾಕ್ಟರ ಬಳಿ ಹೋದರು; ಡಾಕ್ಟರು, “ಏನು ಬಿತ್ತು?” ಎಂದರು. ಅವನು ಜೇಬಿನಿಂದ ಚೀಟಿ ತೆಗೆದು ತೋರಿಸಿದ. ಇರಲಿ ಎಂದು ಒಂದು ಚೀಟಿ ಮಡಿಸಿ ಇಟ್ಟುಕೊಂಡಿದ್ದ, ಅಂಥ ಜಾಣ. ಡಾಕ್ಟರು ಚೀಟಿ ಓದಿ ತುರಿಕೆಯ ಮುಲಾಮು ಬರೆದುಕೊಟ್ಟರು. ಬೆಳಗಾಗುವಷ್ಟರಲ್ಲಿ ಅವನ ಎದೆಬಡಿತ ನಿಂತಿತ್ತು.

ಆಮೇಲೆ ದೊಡ್ಡಾಸ್ಪತ್ರೆಯಲ್ಲಿ ಹೆಣ ಪರೀಕ್ಷೆ ಮಾಡಿದವರು ಹೇಳಿದರು. ಆ ಆಸಿಡ್ಡಿಗೆ ಬೇರೆ ಮದ್ದು ಇದೆಯಂತೆ, ಕ್ಯಾಲ್ಸಿಯಂ ಜೆಲ್ಲಂತೆ. ಹೆಸರು ಗೊತ್ತಾಗಿದ್ದರೆ ತಕ್ಷಣ ಹಚ್ಚಬಹುದಿತ್ತಂತೆ. ಅವಳು ಮೊದಲ ಡಾಕ್ಟರ ಹತ್ತಿರ ಓಡಿದಳು, ಆ ಚೀಟಿ ಕೊಡಿ ಎಂದು. ಅದು ಕಸದ ಬುಟ್ಟಿಗೆ ಹೋಗಿ, ಬುಟ್ಟಿ ಬೆಂಕಿಗೆ ಹೋಗಿತ್ತು. ಗೋಡೌನಿನ ಜೊತೆಗಾರರನ್ನು ಕೇಳಿದಳು. ಅವನ ಪಾಠ ಕೇಳಿ ಬೆರಳು ಉಳಿಸಿಕೊಂಡವರೆಲ್ಲ ಆ ಬೆರಳನ್ನು ಬಾಯಿಯ ಮೇಲೆ ಇಟ್ಟುಕೊಂಡರು.

ಹನ್ನೆರಡು ದಿನ ಅವಳು ಮನೆಯಲ್ಲಿದ್ದಳು. ಶೆಡ್ಡಿನಲ್ಲಿ ಹಂಡೆ ತಣ್ಣಗಿತ್ತು. ಹದಿಮೂರನೇ ದಿನ ವಿಚಾರಣೆ ಎಂದು ಕರೆದರು. ಮೈದುನ ಜೊತೆಗೆ ಬಂದ. ಅವನು ದರ್ಜಿ, ಸೂಜಿ ಬಿಟ್ಟು ಬೇರೆಲ್ಲದಕ್ಕೂ ಹೆದರುವವನು.

ಮ್ಯಾನೇಜರ ಕೋಣೆ. ಮೇಜಿನ ಒಂದು ಕಡೆ ಮ್ಯಾನೇಜರು, ಪಕ್ಕದಲ್ಲಿ ಹೆಲ್ಮೆಟ್ಟಿನೊಂದಿಗೆ ಸೇಫ್ಟಿ ಸಾಹೇಬರು. ಇನ್ನೊಂದು ಕಡೆ ಸರ್ಕಾರದಿಂದ ಬಂದ ಇನ್ಸ್‌ಪೆಕ್ಟರ್ ಮೇಡಂ, ಗಡಿಯಾರ ನೋಡುತ್ತ. ನಡುವೆ ಒಂದು ಬಿಳಿ ಡಬ್ಬಿ. ಅದರ ಮೇಲೆ ಅಂಗೈಯಗಲ ಬುರುಡೆ, ಕೆಳಗೆ ‘ಅಪಾಯ’.

ಮೇಡಂ ಕಾಗದ ಓದಿದರು. “‘ಡಬ್ಬಿಯ ಮೇಲೆ ಅಪಾಯದ ಗುರುತು ಸ್ಪಷ್ಟವಾಗಿ ಇದ್ದರೂ ಕಾರ್ಮಿಕನು ಅದನ್ನು ಓದದೆ ನಿರ್ಲಕ್ಷ್ಯ ತೋರಿದ್ದರಿಂದ ಮರಣ ಸಂಭವಿಸಿದೆ.’ ಇಲ್ಲಿ ಸಹಿ ಹಾಕಿ.”

“ಕೋಲು-ಚುಕ್ಕಿ ಇತ್ತು,” ಎಂದಳು ಅವಳು. “ಬುರುಡೆ ಇರ್ಲಿಲ್ಲ.”

“ನೀವು ನೋಡಿದ್ರಾ?”

“ಅವರು ನೋಡಿದ್ರು. ನನಗೆ ಹೇಳಿದ್ರು.”

“ಸತ್ತೋರು ಹೇಳಿದ್ದನ್ನ ನಾನು ಹೇಗಮ್ಮ ಬರ್ಕೊಳ್ಳಲಿ? ಬೇರೆ ಸಾಕ್ಷಿ ಇದ್ಯಾ?”

ಮ್ಯಾನೇಜರು ಧ್ವನಿಗೆ ಸಕ್ಕರೆ ಹಾಕಿದರು. “ನೋಡಮ್ಮ, ನಾವೇನು ದೂರ್ತಿಲ್ಲ. ಪಾಪ, ಒಳ್ಳೆ ಮನುಷ್ಯ. ಆದ್ರೆ ಓದ್ಲಿಲ್ಲ. ಎಷ್ಟು ದೊಡ್ಡ ಬುರುಡೆ ನೋಡು, ಕುರುಡನಿಗೂ ಕಾಣುತ್ತೆ. ಮೂರನೇ ಕ್ಲಾಸಿನ ಓದು, ಏನ್ ಮಾಡೋಕಾಗುತ್ತೆ?”

“ಅತ್ತಿಗೆ, ಹಾಕ್ಬಿಡಿ,” ಮೈದುನ ಪಿಸುಗುಟ್ಟಿದ. “ದೊಡ್ಡೋರ ಹತ್ರ ಏನು ಮಾತು?”

“ನೀನು ಸುಮ್ನಿರು. ಗುಂಡಿ ಹೊಲಿಯೋಕೆ ಕರೆದಿಲ್ಲ ನಿನ್ನ.” ಅವಳು ಮ್ಯಾನೇಜರ ಕಡೆ ತಿರುಗಿದಳು. “ಇದು ಅವರು ಅವತ್ತು ತುಂಬಿದ ಡಬ್ಬಿನಾ ಸಾರ್?”

“ಅದೇ ಡಬ್ಬಿ. ಅವತ್ತಿಂದ ನನ್ನ ಕಪಾಟಲ್ಲಿ ಬೀಗ ಹಾಕಿ ಇಟ್ಟಿದ್ದೀನಿ. ಒಬ್ರೂ ಮುಟ್ಟಿಲ್ಲ.”

“ಒಳಗೆ ಔಷಧ ಇದ್ಯಾ?”

“ಇಲ್ಲ, ಚೆಲ್ಲಿ ತೊಳೆದಿದ್ದೀವಿ.”

“ಮುಟ್ಟದೇ ತೊಳೆದ್ರಾ?”

ಮೇಡಂ ಮೊದಲ ಸಲ ಗಡಿಯಾರ ಬಿಟ್ಟು ಅವಳ ಮುಖ ನೋಡಿದರು. “ತೊಳೆದದ್ದು ಬಿಟ್ರೆ ಮುಟ್ಟಿಲ್ಲ,” ಎಂದರು ಮ್ಯಾನೇಜರು. “ಬರ್ಕೊಳ್ಳಿ ಮೇಡಂ.”

ಅವಳು ಡಬ್ಬಿಯನ್ನು ಎತ್ತಿಕೊಂಡಳು. ಮಡಿಲಲ್ಲಿ ಇಟ್ಟುಕೊಂಡಳು. ಕೆಳಮೂಲೆ ನೋಡಿದಳು. ಸೊನ್ನೆ ಇರಲಿಲ್ಲ, ಚುಕ್ಕಿ ಇರಲಿಲ್ಲ. ಬೇರೆ ಯಾವುದೋ ಡಬ್ಬಿ ತಂದಿದ್ದಾರೆ ಎಂದುಕೊಂಡಳು. ಆಗ ಕೈ ತನ್ನಷ್ಟಕ್ಕೆ ತನ್ನ ಕೆಲಸ ಮಾಡಿತು. ಹೆಬ್ಬೆರಳು ಚೀಟಿಯ ಅಂಚಿನ ಮೇಲೆ ಹರಿಯಿತು, ಹನ್ನೊಂದು ವರ್ಷ ಹರಿದ ಹಾಗೆ. ಅಂಚಿನಲ್ಲಿ ಒಂದು ಮೆಟ್ಟಿಲು ಸಿಕ್ಕಿತು. ಒಂದು ಚೀಟಿಗೆ ಒಂದೇ ಮೆಟ್ಟಿಲು. ಒಂದು ಕೂದಲೆಳೆಯಷ್ಟು ಆಚೆ, ಇನ್ನೊಂದು ಸಿಕ್ಕಿತು.

ಅವಳಿಗೆ ನಗು ಬಂತು. ಸಾವಿನ ಮನೆಯಿಂದ ಬಂದವಳು ನಗುವುದನ್ನು ನೋಡಿ ಮೈದುನ ಹೌಹಾರಿದ.

ಕೋಟು, ಹೆಲ್ಮೆಟ್ಟು, ಬೀಗ, ಕಪಾಟು, ಎಲ್ಲ ಇತ್ತು ಇವರ ಹತ್ತಿರ. ಹಳೇ ಚೀಟಿ ಕೀಳುವವಳು ಮಾತ್ರ ಇರಲಿಲ್ಲ. ಅವಳು ಮನೆಯಲ್ಲಿ ಗಂಡನಿಗಾಗಿ ಅಳುತ್ತಿದ್ದಳು. ನೂರು ಎಣಿಸುವ ತಾಳ್ಮೆ ಇವರಲ್ಲಿ ಯಾರಿಗಿದೆ? ಮೇಲೆ ಒಂದು ಅಂಟಿಸಿ ಕೈ ಒರೆಸಿಕೊಂಡಿದ್ದರು.

“ಮೇಡಂ, ಇಲ್ಲಿ ಬೆರಳಿಡಿ. ಇಲ್ಲಿ. ಈಗ ಇಲ್ಲಿ.”

ಮೇಡಂ ಬೆರಳಿಟ್ಟರು. ಮತ್ತೊಮ್ಮೆ ಇಟ್ಟರು. “ಇದೇನು?”

“ಸತ್ತೋರ ಮಾತು ಬರ್ಕೊಳ್ಳೋಕಾಗಲ್ಲ ಅಂದ್ರಲ್ಲ. ಕೀಳ್ಲಾ?”

“ಏನಿದು, ಸಾಕ್ಷಿ ವಸ್ತು ಹಾಳು ಮಾಡ್ತಾಳೆ!” ಮ್ಯಾನೇಜರು ಎದ್ದರು.

“ಕೂತ್ಕೊಳ್ಳಿ,” ಎಂದರು ಮೇಡಂ. ಒಂದು ಫೋಟೋ ತೆಗೆದುಕೊಂಡು, “ಹರಿಯಬಾರದು,” ಎಂದರು.

“ನಾನು ಕಿತ್ತದ್ದು ಹರಿಯಲ್ಲ.”

ಅವಳು ಮೂಲೆಯಲ್ಲಿದ್ದ ಕೆಟಲು ತಂದಳು. ‘ಬಿಸಿ ಇರುತ್ತದೆ, ಎಚ್ಚರಿಕೆ’. ಸದ್ಯ, ಅದಾದರೂ ನಿಜವಾಗಿತ್ತು. ಕರವಸ್ತ್ರ ಅದ್ದಿ ಬುರುಡೆಯ ಮುಖಕ್ಕೆ ಹೊದಿಸಿದಳು. ಜೋರಾಗಿ ಎಣಿಸಲು ಶುರುಮಾಡಿದಳು. ಒಂದು, ಎರಡು, ಮೂರು. ಇಪ್ಪತ್ತರ ಹೊತ್ತಿಗೆ ಮ್ಯಾನೇಜರು ತಮಗೆ ಬೇರೆ ಮೀಟಿಂಗ್ ಇದೆ ಎಂದರು. ಯಾರೂ ಹೋಗಿ ಎನ್ನಲಿಲ್ಲ. ನಲವತ್ತರ ಹೊತ್ತಿಗೆ, ಗುಮಾಸ್ತ ಯಾರೋ ತಪ್ಪಿ ಅಂಟಿಸಿರಬಹುದು ಎಂದು ಅವರೇ ಹೇಳಿದರು. ಅರವತ್ತಕ್ಕೆ ಸೇಫ್ಟಿ ಸಾಹೇಬರು ಹೆಲ್ಮೆಟ್ಟು ತೆಗೆದು ಮಡಿಲಲ್ಲಿ ಇಟ್ಟುಕೊಂಡರು. ತಲೆ ಬೋಳಾಗಿದ್ದದ್ದು ಆಗ ಎಲ್ಲರಿಗೂ ಗೊತ್ತಾಯಿತು. ಅವಳು ಒಂದನ್ನೂ ಬಿಡದೆ ನೂರು ಮುಗಿಸಿದಳು.

ಉಗುರಿನಿಂದ ಮೂಲೆ ಎಬ್ಬಿಸಿದಳು. ಬುರುಡೆ ಮೆಲ್ಲಗೆ ಸುರುಳಿ ಸುತ್ತಿಕೊಂಡು ಈಚೆ ಬಂತು. ಕೆಳಗೆ ಕೋಲು-ಚುಕ್ಕಿ. ‘ಎಚ್ಚರಿಕೆ’. ಕೆಳಮೂಲೆಯಲ್ಲಿ ನೀಲಿ ಪೆನ್ನಿನ ಒಂದು ಸೊನ್ನೆ, ಅದರೊಳಗೊಂದು ಚುಕ್ಕಿ.

“ಇದು ಅವರ ಗುರುತು,” ಎಂದಳು. ಧ್ವನಿ ಒಂದು ಸಲ ಒಡೆಯಿತು. ಅಷ್ಟೇ.

“ಅದೂ ಇತ್ತು, ಇದೂ ಇತ್ತು,” ಎಂದರು ಮ್ಯಾನೇಜರು. “ಸುರಕ್ಷತೆ ದೃಷ್ಟಿಯಿಂದ ಎರಡೂ ಹಾಕಿಸಿದ್ವಿ.”

“ಬುರುಡೆ ಬಂದ್ರೆ ಕೋಲು-ಚುಕ್ಕಿ ಎದ್ದು ಹೋಗ್ಬೇಕು ಸಾರ್. ನಿಯಮ. ನಿಮ್ಮ ಡಬ್ಬಿಯಲ್ಲಿ ಇಬ್ರೂ ಒಬ್ರ ಮೇಲೊಬ್ರು ಮಲಗಿದ್ದಾರೆ. ಮೂರನೇ ಕ್ಲಾಸಿನೋರಿಗೆ ಗೊತ್ತಿತ್ತು ಇದು.”

ಮೇಡಂ ಸೇಫ್ಟಿ ಸಾಹೇಬರ ಕಡೆ ತಿರುಗಿದರು. “ಮೂಲ ಡ್ರಮ್ಮಲ್ಲಿ ಬುರುಡೆ ಇತ್ತಲ್ವಾ? ಇದಕ್ಕೆ ಕೋಲು-ಚುಕ್ಕಿ ಹಾಕೋಕೆ ಹೇಳಿದ್ದು ಯಾರು?”

ಸಾಹೇಬರು ಹೆಲ್ಮೆಟ್ಟಿನೊಳಗೆ ನೋಡಿಕೊಂಡು ಹೇಳಿದರು, “ಒಂದು ಪಾಲು ಆಸಿಡ್ಡಿಗೆ ಎರಡು ಪಾಲು ನೀರು ಬೆರೆಸಿದ್ವಿ ಮೇಡಂ. ಒಂದು ಪಾಲು ನೀರಿಗೆ ಬುರುಡೆ ತೆಗೆದೆ. ಇನ್ನೊಂದು ಪಾಲಿಗೆ ಕೈ ತಿನ್ನೋದು ತೆಗೆದೆ. ಉಳಿದದ್ದು...”

“ನೀರು ಹಾಕಿದ್ರೆ ಚಿತ್ರ ತಾನಾಗಿ ಇಳಿಯಲ್ಲ. ಎಷ್ಟು ಪಾಲು ಆಸಿಡ್ ಉಳೀತು ಅಂತ ಲೆಕ್ಕ ಹಾಕಿ, ಆಮೇಲೆ ದರ್ಜೆ ಗೊತ್ತು ಮಾಡ್ಬೇಕು. ಇಷ್ಟು ಉಳಿದಿದ್ರೆ ಎರಡೂ ಚಿತ್ರ ಅಲ್ಲೇ ಇರ್ಬೇಕು. ಲೆಕ್ಕ ಎಲ್ಲಿ?”

“ಅಂದಾಜು ಮೇಡಂ. ಬುರುಡೆ ಇದ್ರೆ ಅಂಗಡಿಯೋರು ಮುಂದಿನ ಸಾಲಲ್ಲಿ ಇಡಲ್ಲ ಅಂತ ಮ್ಯಾನೇಜರು...”

“ನಾನೆಲ್ಲಿ ಹೇಳ್ದೆ?” ಎಂದರು ಮ್ಯಾನೇಜರು.

ಇಬ್ಬರೂ ಕಿತ್ತಾಡಲು ಶುರುಮಾಡಿದರು. ನೀವೇ ಅಂದದ್ದು, ನಾನೆಲ್ಲಂದೆ, ಮೇಲೆ ಅಂಟಿಸಿ ಅಂದದ್ದೂ ನೀವೇ. ಅವಳಿಗೆ ಅದು ಬೇಕಿರಲಿಲ್ಲ. ಒಂದು ಕ್ಷಣ ಕೇಳಿದಳು, ಬೀದಿಯ ನಲ್ಲಿ ಮುಂದಿನ ಜಗಳಕ್ಕಿಂತ ಕಡಿಮೆ ಸ್ವಾರಸ್ಯ ಇತ್ತು.

“ಮೇಡಂ, ಆ ಸಾಲು,” ಎಂದಳು.

ಮೇಡಂ ಸಾಲಿನ ಮೇಲೆ ಗೆರೆ ಎಳೆದರು. ಕೆಳಗೆ ಬರೆದು ಓದಿದರು. “‘ಕಾರ್ಮಿಕನು ಡಬ್ಬಿಯ ಮೇಲಿದ್ದ ಚೀಟಿಯನ್ನು ಓದಿದ್ದನು. ಅದರಲ್ಲಿ ಇದ್ದಂತೆಯೇ ನಡೆದುಕೊಂಡನು. ಚೀಟಿ ತಪ್ಪಾಗಿತ್ತು.’ ಸರಿನಾ?”

“‘ಓದಿದ್ದನು’ ಅಂತ ಎಲ್ಲಿದೆ? ಬೆರಳಿಟ್ಟು ತೋರಿಸಿ.”

ಮೇಡಂ ತೋರಿಸಿದರು. ಅವಳು ಬಗ್ಗಿ, ಅವನು ಕಲಿಸಿದ ಹಾಗೆ ಒಂದೊಂದೇ ಅಕ್ಷರ ಕೂಡಿಸಿದಳು. ಓ. ದಿ. ಮುಂದಿನದನ್ನೂ ಓದಿದಳು. ಆಮೇಲೆ ಹೆಬ್ಬೆಟ್ಟಿಗೆಂದು ಮುಂದೆ ತಳ್ಳಿದ್ದ ಶಾಯಿಯ ಡಬ್ಬಿಯನ್ನು ಪಕ್ಕಕ್ಕೆ ಸರಿಸಿ, ಪೆನ್ನು ತೆಗೆದುಕೊಂಡು ಸಹಿ ಮಾಡಿದಳು. ಮೇಡಂ ಬುರುಡೆಯ ಚೀಟಿಯನ್ನು ಕವರಿನಲ್ಲಿ ಹಾಕಿಕೊಂಡರು, ಡಬ್ಬಿಗೆ ಅರಗು ಹಾಕಿದರು.

“ಸ್ವಲ್ಪ ಟೀ ಕುಡಿದು ಹೋಗಮ್ಮ,” ಎಂದರು ಮ್ಯಾನೇಜರು.

“ಚೀಟಿ ಇಲ್ಲದ್ದನ್ನ ನಾವು ಕುಡಿಯಲ್ಲ ಸಾರ್.”

ಹೊರಗೆ ಜೊತೆಗಾರರು ಡ್ರಮ್ಮುಗಳ ಹಿಂದೆ ನಿಂತು ನೋಡುತ್ತಿದ್ದರು. ಅವಳು ಅವರ ಕಡೆ ನೋಡಲಿಲ್ಲ. ಗೇಟು ದಾಟಿದ ಮೇಲೆ ಮೈದುನನಿಗೆ ಧೈರ್ಯ ಬಂತು.

“ಒಳ್ಳೆ ಬುದ್ಧಿ ಕಲಿಸಿದ್ರಿ ಅತ್ತಿಗೆ. ಈಗ ಸಮಾಧಾನ ಆಯ್ತಲ್ಲ?”

“ಚೀಟಿ ಸರಿಯಾಯ್ತಪ್ಪ,” ಎಂದಳು ಅವಳು. “ಒಳಗಿರೋದು ಇದ್ದ ಹಾಗೇ ಇದೆ.”